ಹೊಲಿಗೆಯವರ ದನಿಯಲ್ಲಿ ಮುಷ್ಕರದ ಚಿತ್ರ: ನನ್ನ ಅನುಭವ

ಅಮೆರಿಕದ ಗಣಿ ಕಾರ್ಮಿಕರ ಬಗೆಗಿನ ಕಪ್ಪುಬಿಳುಪು ಚಿತ್ರವೊಂದನ್ನು ಬೆಂಗಳೂರಿನ ಪೀಣ್ಯದ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಕೊನೆಯವರೆಗೂ ಕೂತು ನೋಡುವುದಿಲ್ಲವೆಂದು ನನಗೆ ಹೇಳದವರಿಲ್ಲ. ಕಳೆದ ಜನವರಿಯ ಎರಡನೇ ಭಾನುವಾರ ನಮ್ಮ ಸಂಘದ ಮಹಡಿಯಲ್ಲಿ ಸುಮಾರು 70 ಮಂದಿ ‘ಸಾಲ್ಟ್ ಆಫ್ ದಿ ಅರ್ತ್’ ಚಿತ್ರವನ್ನು ಪೂರ್ತಿ ನೋಡಿದರು, ನಡುವೆ ಎದ್ದು ಹೋದವರು ನಾಲ್ಕೈದು ಜನ ಮಾತ್ರ. ಸಂಘಗಳಲ್ಲಿ ಚಿತ್ರ ತೋರಿಸುವ ಗೆಳೆಯರಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಸೋತದ್ದನ್ನು ಹೇಳಬೇಕು. ಅಮೆರಿಕದ ಬಟ್ಟೆ ಗಿರಣಿಯ ಕೆಲಸಗಾರ್ತಿಯೊಬ್ಬಳು ಸಂಘ ಕಟ್ಟುವ ಕಥೆಯ ‘ನಾರ್ಮಾ ರೇ’ ಚಿತ್ರವನ್ನು ಇಂಗ್ಲಿಷಿನಲ್ಲೇ ಹಾಕಿದಾಗ ಬಂದ ಐವತ್ತೈದು ಜನರಲ್ಲಿ ಚಹಾ ಹೊತ್ತಿಗೆ ಉಳಿದವರು ಹದಿನೈದು. ಆಮೇಲೆ ಆರು ಸಾವಿರ ಕೊಟ್ಟು ಕನ್ನಡ ಸಬ್‌ಟೈಟಲ್ ಮಾಡಿಸಿದೆ. ವಾರದ ಆರು ದಿನ ಸೂಜಿಯ ಮೇಲೆ ಕಣ್ಣಿಟ್ಟವರನ್ನು ಏಳನೇ ದಿನವೂ ಓಡುವ ಸಾಲುಗಳ ಹಿಂದೆ ಕಣ್ಣು ಓಡಿಸಿ ಎನ್ನುವುದು ಹಿಂಸೆ ಎಂಬುದು ನನಗೆ ಅರ್ಥವಾಗುವಷ್ಟರಲ್ಲಿ ಆ ದುಡ್ಡೂ ಹೋಗಿತ್ತು. ಬಾಡಿಗೆ ಉಳಿಸಲು ಎಸ್.ಪಿ. ರಸ್ತೆಯಲ್ಲಿ 16 ಸಾವಿರಕ್ಕೆ ಕೊಂಡ ಹಳೆಯ ಪ್ರೊಜೆಕ್ಟರಿನ ದೀಪ ಎರಡೇ ತಿಂಗಳಿಗೆ ಕೆಟ್ಟಿತು. ಅದಕ್ಕೆ ಮತ್ತೆ ನಾಲ್ಕೂವರೆ ಸಾವಿರ. ಒಟ್ಟು ಸುಮಾರು 40 ಸಾವಿರ ಹೋದ ಮೇಲೆಯೇ ಕೆಲಸ ದಾರಿಗೆ ಬಂದದ್ದು.

ಜನ ಬರಲೆಂದು 1975ರ ‘ದೀವಾರ್’ ಹಾಕಿದ ದಿನ ನಿಲ್ಲಲೂ ಜಾಗವಿರಲಿಲ್ಲ. ಆದರೆ ಅಲ್ಲಿ ಕಾರ್ಮಿಕ ನಾಯಕನಾದ ತಂದೆ, ಹೆಂಡತಿ ಮಕ್ಕಳ ಪ್ರಾಣದ ಬೆದರಿಕೆಗೆ ಮಣಿದು ಸಹಿ ಹಾಕಿ, ಅವಮಾನ ತಾಳದೆ ಊರು ಬಿಡುತ್ತಾನೆ. ಕಥೆ ಅಲ್ಲಿಂದ ಮಗನ ಪಾಲಾಗುತ್ತದೆ. ಚರ್ಚೆಗೆ ಕೂತಾಗ ಮುಷ್ಕರದ ಬಗ್ಗೆ ಒಬ್ಬರೂ ಮಾತಾಡಲಿಲ್ಲ. ಅದು ನೋಡಿದವರ ತಪ್ಪಲ್ಲ. ನಮ್ಮ ಜನಪ್ರಿಯ ಚಿತ್ರಗಳಲ್ಲಿ ಸಂಘದ ಮುಖಂಡ ಬಹಳ ಸಲ ಮೊದಲರ್ಧದಲ್ಲೇ ಬೀಳುತ್ತಾನೆ, ಏಕೆಂದರೆ ಅವನು ಬಿದ್ದರೆ ಮಾತ್ರ ಒಬ್ಬನೇ ನಾಯಕ ಏಳಲು ಸಾಧ್ಯ.

ದಾರಿ ತೋರಿಸಿದ್ದು ‘ಸಾಲ್ಟ್ ಆಫ್ ದಿ ಅರ್ತ್’ ತಯಾರಾದ ಬಗೆಯೇ. 1954ರ ಆ ಚಿತ್ರದ ನಾಯಕ ರಮೋನ್‌ನ ಪಾತ್ರ ಮಾಡಿದ ಹ್ವಾನ್ ಚಾಕೋನ್ ನಟನಲ್ಲ, ನ್ಯೂ ಮೆಕ್ಸಿಕೋದ ಗಣಿ ಕಾರ್ಮಿಕ ಸಂಘದ ಸ್ಥಳೀಯ ಅಧ್ಯಕ್ಷ. ಉಳಿದ ಪಾತ್ರಗಳಲ್ಲೂ ಬಹುಪಾಲು ಅಲ್ಲಿನ ಕಾರ್ಮಿಕ ಕುಟುಂಬಗಳವರೇ. ಆ ಚಿತ್ರ ತಯಾರಿಸಿದವರಿಗೇ ಬೇಡವಾದ ನಟರು ನನಗೇಕೆ ಬೇಕು ಎಂದುಕೊಂಡು, ಮೂವರು ಟೈಲರ್‌ಗಳು, ಹೊಲಿದ ಬಟ್ಟೆ ಪರೀಕ್ಷಿಸುವ ಒಬ್ಬ ಚೆಕರ್ ಮತ್ತು ಇಸ್ತ್ರಿ ವಿಭಾಗದ ಒಬ್ಬರನ್ನು ಎರಡು ಮೈಕುಗಳ ಮುಂದೆ ಕೂರಿಸಿ, ಚಿತ್ರ ಓಡುತ್ತಿರುವಾಗಲೇ ಅವರಿಂದ ಕನ್ನಡದಲ್ಲಿ ಮಾತಾಡಿಸಿದೆ. ಆರು ಭಾನುವಾರ ತಾಲೀಮು ಬೇಕಾಯಿತು. ನಾನು ಬರೆದಿದ್ದ ಸಂಭಾಷಣೆಯನ್ನು ಮಂಡ್ಯ ಕಡೆಯ ಟೈಲರ್ ಅಕ್ಕ ಎರಡು ಪುಟ ಓದಿ ಕೆಳಗಿಟ್ಟು, “ಅಣ್ಣಾ, ಗಂಡನ್ ಹತ್ರ ಯಾರಾದ್ರೂ ಹಿಂಗ್ ಮಾತಾಡ್ತಾರಾ?” ಎಂದರು. ಅಂದಿನಿಂದ ನಾನು ದೃಶ್ಯದ ಭಾವಾರ್ಥವನ್ನಷ್ಟೇ ಹೇಳುತ್ತೇನೆ, ಮಾತು ಅವರದೇ. ಮೂಲದ ಸಂಗೀತವನ್ನೂ ಸದ್ದನ್ನೂ ಉಳಿಸಿಕೊಂಡು ಮಾತನ್ನು ಮಾತ್ರ ತಗ್ಗಿಸುವ ಬಗೆಯನ್ನು ನಾನು ಕಷ್ಟಪಟ್ಟು ಕಂಡುಕೊಂಡಿದ್ದೇನೆ; ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ.

ಚಿತ್ರದಲ್ಲಿ ನ್ಯಾಯಾಲಯದ ಆದೇಶ ಗಣಿ ಕಾರ್ಮಿಕರಿಗೆ ಪಿಕೆಟಿಂಗ್, ಅಂದರೆ ಗಣಿಯ ಮುಂದೆ ಸಾಲುಗಟ್ಟಿ ನಿಂತು ಪ್ರತಿಭಟನೆ, ಮಾಡಬಾರದೆಂದಾಗ ಅವರ ಹೆಂಡತಿಯರು ಆ ಸಾಲಿಗೆ ಬಂದು ನಿಲ್ಲುತ್ತಾರೆ, ಮನೆಗೆಲಸ ಗಂಡಸರ ಪಾಲಾಗುತ್ತದೆ. ಒದ್ದೆ ಬಟ್ಟೆ ಒಣಹಾಕುತ್ತಾ ರಮೋನ್, ಮನೆಗಳಿಗೆ ಬಿಸಿನೀರಿನ ಬೇಡಿಕೆಯನ್ನು ಸಂಘ ಮೊದಲೇ ಇಡಬೇಕಿತ್ತೆಂದು ಒಪ್ಪಿಕೊಳ್ಳುವ ಜಾಗದಲ್ಲಿ ನಮ್ಮ ಇಸ್ತ್ರಿಯವರ ದನಿ ಕಟ್ಟಿ ನಿಂತಿತು. ಆ ಮಾತನ್ನು ಕೆಳಗೆ ಕೂತಿದ್ದ ಹೆಂಗಸರೇ ಪೂರ್ತಿ ಮಾಡಿದರು. ಚಿತ್ರ ಮುಗಿದ ಮೇಲೆ ಒಬ್ಬರು ಎದ್ದು, 2016ರ ಏಪ್ರಿಲ್‌ನಲ್ಲಿ ಪಿ.ಎಫ್. (ಭವಿಷ್ಯ ನಿಧಿ) ಹಣ ತೆಗೆಯುವ ನಿಯಮ ಬದಲಾದಾಗ ತಾವು ಯಾವ ಸಂಘದ ಕರೆಗೂ ಕಾಯದೆ ಬೀದಿಗೆ ಬಂದದ್ದನ್ನೂ, ಎರಡನೇ ದಿನವೇ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡದ್ದನ್ನೂ ಹೇಳತೊಡಗಿದರು. ರಾತ್ರಿ ಎಂಟಾದರೂ ಮಾತು ನಿಲ್ಲಲಿಲ್ಲ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ರಷ್ಯಾದ ನಿರ್ದೇಶಕ ಐಸೆನ್‌ಸ್ಟೈನ್ ಅವರ 1925ರ ಮೂಕಿಚಿತ್ರ ‘ಸ್ಟ್ರೈಕ್’ಗೆ ಇಬ್ಬರು ಹುಡುಗರಿಂದ ತಮಟೆ ಬಾರಿಸಿದ್ದು ಅರ್ಧ ಗಂಟೆ ಅದ್ಭುತವಾಗಿತ್ತು, ಆದರೆ ಕೊನೆಯಲ್ಲಿ ದನ ಕಡಿಯುವ ದೃಶ್ಯಕ್ಕೆ ಮಕ್ಕಳು ಅತ್ತರು, ಮಕ್ಕಳಿರುವಲ್ಲಿ ಅದನ್ನು ಹಾಕಬೇಡಿ. 1968ರಲ್ಲಿ ಇಂಗ್ಲೆಂಡಿನ ಫೋರ್ಡ್ ಕಾರು ಕಾರ್ಖಾನೆಯ 187 ಹೊಲಿಗೆಯ ಹೆಂಗಸರು ತಮ್ಮನ್ನು ಅಕುಶಲರೆಂದು ವರ್ಗೀಕರಿಸಿದ್ದಕ್ಕೆ ಮುಷ್ಕರ ಹೂಡಿದ ಕಥೆಯ ‘ಮೇಡ್ ಇನ್ ಡಾಗೆನ್‌ಹ್ಯಾಮ್’ನಿಂದ ಇಪ್ಪತ್ತು ನಿಮಿಷ ತೋರಿಸಿದರೆ ಸಾಕು, ಹೆಲ್ಪರ್ ಯಾರು, ಟೈಲರ್ ಯಾರು ಎಂಬ ನಮ್ಮವರ ವಾದಕ್ಕೆ ಎರಡು ಗಂಟೆ ಸಾಲದು. ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ನಿವೃತ್ತ ಹಿರಿಯರನ್ನು ಕರೆದರೆ ಚಿತ್ರ ಮುಗಿದ ಮೇಲೆಯೇ ಮಾತಾಡಿಸಿ. 1980-81ರ ಎಪ್ಪತ್ತೇಳು ದಿನಗಳ ಮುಷ್ಕರವನ್ನು ಅವರು ಒಂದೊಂದು ದಿನವೂ ಬಿಡದೆ ಹೇಳುತ್ತಾರೆ, ಅದು ಕೇಳಬೇಕಾದದ್ದೂ ಹೌದು.

ಈಗ ಒಂದು ಪ್ರದರ್ಶನಕ್ಕೆ ಚಹಾ, ಬನ್ ಸೇರಿ ಎರಡು ಸಾವಿರದ ಆಸುಪಾಸು ಖರ್ಚಾಗುತ್ತದೆ. ಮೊದಲು ಸೋತ ‘ನಾರ್ಮಾ ರೇ’ಯನ್ನೇ ಇದೇ ಐವರ ದನಿಯಲ್ಲಿ ಮತ್ತೆ ಕೈಗೆತ್ತಿಕೊಂಡಿದ್ದೇವೆ. ಅದರ ನಾಯಕಿ ರಟ್ಟಿನ ಫಲಕ ಹಿಡಿದು ಮೇಜಿನ ಮೇಲೆ ನಿಂತಾಗ ಯಂತ್ರಗಳು ಒಂದೊಂದಾಗಿ ನಿಲ್ಲುತ್ತವಲ್ಲ, ಅಲ್ಲಿ ಇಬ್ಬರು ಮಾತಾಡಲು ಬರೆದುಕೊಂಡಿದ್ದರು; ಕಳೆದ ತಾಲೀಮಿನಲ್ಲಿ ಅದನ್ನು ಅವರೇ ಹೊಡೆದುಹಾಕಿ, ಮೈಕ್ ಆರಿಸಿ ಸುಮ್ಮನೆ ನೋಡಿದರು.