ಹೊಸಬರಿಗೆ: ಮೊದಲ ತಿಂಗಳು ಎಲ್ಲಿ ಅಡ್ಡಾಡಬೇಕು?

ರೈಲ್ವೆ, ಹೈಕೋರ್ಟ್ ಪೀಠ, ಐಐಟಿ, ಕೃಷಿ ವಿಶ್ವವಿದ್ಯಾಲಯ. ಹುಬ್ಬಳ್ಳಿ-ಧಾರವಾಡಕ್ಕೆ ಜನ ಬರುವ ಕಾರಣ ಬೇರೆ ಬೇರೆ. ಬಂದ ಮೇಲಿನ ಓಡಾಟ ಮಾತ್ರ ಎಲ್ಲರದ್ದೂ ಒಂದೇ: ಗ್ಯಾಸ್, ಶಾಲೆ, ಬಾಡಿಗೆ ಕರಾರು. ಅದರ ನಡುವೆಯೂ ಮೊದಲ ಭಾನುವಾರವೇ ಮಕ್ಕಳನ್ನು ಕರೆದುಕೊಂಡು ಹೊರಗೆ ಬನ್ನಿ. ಈ ಊರಲ್ಲಿ ಪರಿಚಯ ಬೆಳೆಯುವುದು ಕೆರೆ ದಂಡೆ ಮೇಲೆ.

ಮೊದಲು ಉಣಕಲ್ ಕೆರೆ. ಅವಳಿ ನಗರದ ರಸ್ತೆಗೇ ಅಂಟಿಕೊಂಡಿದೆ, ಪ್ರತ್ಯೇಕ ಪಥದಲ್ಲಿ ಓಡುವ ಚಿಗರಿ ಬಸ್ ಹತ್ತಿದರೆ ಆಯಿತು. ಚಿಗರಿ ಅಂದರೆ ನಮ್ಮ ಕಡೆ ಜಿಂಕೆ. ಈ ಬಸ್ಸಿನ ನಿಲ್ದಾಣಗಳು ರಸ್ತೆಯ ನಡುವೆ ಇವೆ, ಟಿಕೆಟ್ ಅಲ್ಲೇ ತೆಗೆದುಕೊಳ್ಳಬೇಕು. ಎಲ್ಲ ಬಸ್ಸೂ ಎಲ್ಲ ಕಡೆ ನಿಲ್ಲುವುದಿಲ್ಲ, ಹತ್ತುವ ಮೊದಲು ಕೇಳಿಕೊಳ್ಳಿ. ದಾಟುವಾಗ ಮಕ್ಕಳ ಕೈ ಬಿಡಬೇಡಿ, ಬಸ್ಸು ಜೋರಾಗಿ ಬರುತ್ತವೆ.

ಸಂಜೆ ಐದರ ಮೇಲೆ ಹೋಗಿ. ಬೇಸಿಗೆಯಲ್ಲೂ ನೀರಿನ ಮೇಲಿಂದ ತಂಗಾಳಿ ಬರುತ್ತದೆ. ಕೆರೆಯ ನಡುವೆ ಸ್ವಾಮಿ ವಿವೇಕಾನಂದರ ಪ್ರತಿಮೆ ಇದೆ. ಸೂರ್ಯ ಇಳಿಯುವ ಹೊತ್ತಿಗೆ ಅದನ್ನು ನೋಡುತ್ತಾ ಕೂರುವುದು ನನಗೆ ಇಂದಿಗೂ ಹಬ್ಬವೇ. ಗಿರ್ಮಿಟ್ಟು, ಜೊತೆಗೆ ಒಂದು ಮಿರ್ಚಿ ಭಜಿ ತಿನ್ನಿ. ಗಿರ್ಮಿಟ್ಟು ಅಂದರೆ ಚುರುಮುರಿಗೆ (ಮಂಡಕ್ಕಿಗೆ) ಹುಳಿ ಒಗ್ಗರಣೆ, ಪುಟಾಣಿ (ಹುರಿಗಡಲೆ) ಹಿಟ್ಟು ಕಲಸಿದ್ದು. ಕಲಸಿದ ಕೂಡಲೇ ತಿನ್ನಬೇಕು, ತಡ ಮಾಡಿದರೆ ಮೆತ್ತಗಾಗುತ್ತದೆ. ಕಾಗದ, ಪೂಜೆಯ ಹೂವು ಯಾವುದನ್ನೂ ಕೆರೆಗೆ ಹಾಕಬೇಡಿ. ಅಂತರಗಂಗೆ ಅನ್ನುವ ನೀರಿನ ಕಳೆ ಬೆಳೆದು ನೀರೇ ಕಾಣದ ಹಾಗೆ ಆಗಿದ್ದನ್ನು ನಾವು ನೋಡಿದ್ದೇವೆ, ಹೊಟ್ಟೆ ಉರಿಯುತ್ತದೆ.

ಪಕ್ಕದಲ್ಲಿ ಕೂತವರು ಖಂಡಿತ ಕೇಳುತ್ತಾರೆ, 'ಯಾವೂರ್ರೀ ನಿಮ್ದು?' ಅಂತ. ಮೈಸೂರು, ಮಂಗಳೂರು ಕಡೆಯಿಂದ ಬಂದವರು ಇದಕ್ಕೆ ಸ್ವಲ್ಪ ಗಾಬರಿಯಾಗುತ್ತಾರೆ. ಅದು ವಿಚಾರಣೆ ಅಲ್ಲ, ಮಾತಿಗೆ ಬಾಗಿಲು. ಊರು ಹೇಳಿ, ನೀವೂ ಕೇಳಿ. ಒಳ್ಳೆ ಡಾಕ್ಟರ್ ಯಾರು, ಜೋಳದ ರೊಟ್ಟಿ ಎಲ್ಲಿ ಸಿಗುತ್ತದೆ, ಎಲ್ಲ ಅಲ್ಲೇ ಗೊತ್ತಾಗುತ್ತದೆ. 'ಕುಂದರ್ರಿ' ಅಂದರೆ ಕೂತುಕೊಳ್ಳಿ. ಹಿರಿಯರು ನಿಮ್ಮ ಮಗನನ್ನು 'ಏ ತಮ್ಮಾ, ಬಾ ಇಲ್ಲೆ' ಅಂತ ಏಕವಚನದಲ್ಲಿ ಕರೆದರೆ ಬೇಸರ ಬೇಡ. ಅದು ಪ್ರೀತಿ. ಎರಡು ತಿಂಗಳಲ್ಲಿ ಅವನೂ 'ಹೌದ್ರಿ' ಅನ್ನುತ್ತಾನೆ.

ಉಣಕಲ್ಲಿಗೆ ಹೋದಾಗ ಚಂದ್ರಮೌಳೇಶ್ವರ ಗುಡಿ ಬಿಡಬೇಡಿ. ಚಾಲುಕ್ಯರ ಕಾಲದ್ದು, ನಾಲ್ಕೂ ದಿಕ್ಕಿಗೆ ಬಾಗಿಲು. ಬೆಳಗ್ಗೆ ಏಳುವ ಅಭ್ಯಾಸ ಇದ್ದವರಿಗೆ ಹತ್ತಿರದ ನೃಪತುಂಗ ಬೆಟ್ಟ. ಮೇಲಿನಿಂದ ಇಡೀ ಹುಬ್ಬಳ್ಳಿ ಕಾಣುತ್ತದೆ.

ಸಣ್ಣ ಮಕ್ಕಳಿದ್ದರೆ ಇಂದಿರಾ ಗಾಜಿನ ಮನೆ. ರೈಲಿನ ಹುಚ್ಚು ಇದ್ದರೆ 2020ರಲ್ಲಿ ಶುರುವಾದ ರೈಲ್ವೆ ಮ್ಯೂಸಿಯಂ. ಅಲ್ಲಿ ಮಲಪ್ರಭಾ, ಘಟಪ್ರಭಾ ಅನ್ನುವ ಎರಡು ಹಳೇ ಕಾಟೇಜುಗಳಿವೆ. ಹಾಗೇ ನಿಲ್ದಾಣದ 1,507 ಮೀಟರ್ ಪ್ಲಾಟ್‌ಫಾರ್ಮ್ ತೋರಿಸಿ. ಆದರೆ ಅಜ್ಜ-ಅಜ್ಜಿಯರನ್ನು ಅದರ ಈ ತುದಿಯಿಂದ ಆ ತುದಿಗೆ ನಡೆಸಬೇಡಿ.

ಧಾರವಾಡದ್ದು ಬೇರೆಯೇ ಗತ್ತು. ಹುಬ್ಬಳ್ಳಿ ಆಚೆಯ ಕಪ್ಪು ಎರೆಮಣ್ಣು ಇಲ್ಲಿಗೆ ಬರುವಷ್ಟರಲ್ಲಿ ಕೆಂಪಾಗುತ್ತದೆ. ಮಲೆನಾಡಿನ ಸೆರಗು ಇದು. ಜೂನ್‌ನಿಂದ ಜಿಟಿಜಿಟಿ ಮಳೆ, ಕೊಡೆ ಇಲ್ಲದೆ ಹೊರಡಬೇಡಿ. ಸಾಧನಕೇರಿಗೆ ಹೋಗಿ. ಬೇಂದ್ರೆಯವರ ಮನೆ ಇರುವ ಬಡಾವಣೆ. ಎದುರಿಗೇ ಕೆರೆ, ಉದ್ಯಾನ, ಪಕ್ಕದಲ್ಲಿ ಬೇಂದ್ರೆ ಭವನ. 1973ರ ಜ್ಞಾನಪೀಠ ಪಡೆದ ಕವಿ ದಿನಾ ಕಂಡ ನೀರು ಇದೇ ಅಲ್ವಾ! ಮಕ್ಕಳಿಗೆ ಅಷ್ಟು ಹೇಳಿ ಸುಮ್ನೆ ಬಿಡಿ. ಪಾಠ ಮಾಡಬೇಡಿ, ಅವರು ನೀರು ನೋಡಲಿ. ವಾಪಸ್ ಬರುವಾಗ ಲೈನ್ ಬಜಾರಿನಲ್ಲಿ ಪೇಡೆ ಕಟ್ಟಿಸಿಕೊಳ್ಳಿ. ಸಂಜೆ ಜಾಸ್ತಿ ತಡವಾದರೆ ಸರತಿ ಉದ್ದ ಇರುತ್ತದೆ.

ಚಳಿಗಾಲಕ್ಕೆ ಇನ್ನೊಂದು ಜಾಗ ಎತ್ತಿಟ್ಟಿದ್ದೇವೆ, ಗದಗ ಜಿಲ್ಲೆಯ ಮಾಗಡಿ ಕೆರೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಹಗಲೆಲ್ಲ ಅಲ್ಲಿ ತೇಲುತ್ತವೆ. 2024ರಲ್ಲಿ ಆ ಕೆರೆಗೆ ರಾಮ್ಸಾರ್, ಅಂದರೆ ಮಹತ್ವದ ಜೌಗು ಪ್ರದೇಶ ಅನ್ನುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಬೆಳಗ್ಗೆ ಬೇಗ ಹೊರಡಿ, ಬುತ್ತಿ ಕಟ್ಟಿಕೊಳ್ಳಿ, ಅಲ್ಲಿ ಗದ್ದಲ ಬೇಡ. ಕಾರಿನಲ್ಲಿ ಜಾಗ ಉಳಿದರೆ ನಮಗೆ ಒಂದು ಮಾತು ಹೇಳಿ, ನಾವೂ ಬರುತ್ತೇವೆ.