ಶರಾವತಿ ಕೊಳ್ಳದ ಕಾಡುದಾರಿಯಲ್ಲಿ ಸೈಕಲ್ಲು

ಸಾಗರದಿಂದ ತಾಳಗುಪ್ಪ, ಕಾರ್ಗಲ್ ದಾಟಿ ಅರಳಗೋಡಿನ ಕಡೆಗೆ ಸೈಕಲ್ ತುಳಿಯುತ್ತೇನೆ ಅಂದರೆ ಎಲ್ಲರೂ ಕೇಳುವುದು ಒಂದೇ, "ಕಾಟಿ ಎದುರಾದ್ರೆ ಏನ್ ಮಾಡ್ತೀರಿ?" ಕಾಟಿ, ಅಂದರೆ ಕಾಡುಕೋಣ, ಓಡಾಡುವುದು ಹೆಚ್ಚಾಗಿ ಮಬ್ಬುಗತ್ತಲಲ್ಲಿ. ಬಿಸಿಲೇರಿದ ಮೇಲೆ ಹೊರಟು ಸಂಜೆ ಐದರೊಳಗೆ ಊರು ಸೇರುತ್ತೇನೆ. ಕಂಡರೆ ದೂರದಲ್ಲೇ ನಿಂತು, ಅದು ಹಳುವಿಗೆ ಇಳಿಯುವ ತನಕ ಕಾಯುತ್ತೇನೆ. ನನಗೆ ನಿಜವಾದ ಭಯ ಇರುವುದು ಉಣುಗಿನದು, ಅಂದರೆ ಮಂಗನ ಕಾಯಿಲೆ ಎಂಬ ಮಾರಕ ಜ್ವರವನ್ನು ಹರಡುವ, ರಕ್ತ ಹೀರುವ ಪುಟ್ಟ ಹುಳದ್ದು.

ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2018-19ರಲ್ಲಿ ಇದೇ ಅರಳಗೋಡು ಅದರಿಂದ ತತ್ತರಿಸಿತು. ಮಳೆ ಮುಗಿದು ನೆಲ ಒಣಗಿತೆಂದರೆ ಎಳ್ಳಿಗಿಂತ ದೊಡ್ಡದಲ್ಲದ ಉಣುಗಿನ ಮರಿಗಳು ದರಗಿನಲ್ಲಿ, ಅಂದರೆ ಉದುರಿದ ಒಣ ಎಲೆಗಳಲ್ಲಿ, ತುಂಬಿಕೊಳ್ಳುತ್ತವೆ. ಹಾಗಾಗಿ ಡಿಸೆಂಬರ್‌ನಿಂದ ಮೇ ತನಕ ನಾನು ಕಾಲುದಾರಿ ಹಿಡಿಯುವುದಿಲ್ಲ, ಡಾಂಬರು ರಸ್ತೆಯೇ ಸಾಕು. ಸೆಕೆಯಾದರೂ ತುಂಬುತೋಳಿನ ಅಂಗಿ, ಕಾಲುಚೀಲದೊಳಗೆ ಸಿಕ್ಕಿಸಿದ ಪ್ಯಾಂಟು, ಉಣುಗು ಹತ್ತದಂತೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ. ಎಷ್ಟೇ ದಣಿದರೂ ದರಗಿನ ಮೇಲೆ ಕೂರುವುದಿಲ್ಲ, ಸೈಕಲ್ಲನ್ನೂ ಮಲಗಿಸುವುದಿಲ್ಲ. ಮನೆಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ. ಕಂಕುಳು, ಮೊಣಕಾಲಿನ ಹಿಂಭಾಗವನ್ನು ಬೆಳಕಿನಲ್ಲಿ ನೋಡಿಕೊಳ್ಳುತ್ತೇನೆ. ದಾರಿಯಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಆಮೇಲೆ ಜ್ವರ ಬಂದರೆ, ಕಾಡಿಗೆ ಹೋಗಿದ್ದೆ ಎಂಬುದನ್ನೇ ಡಾಕ್ಟರಿಗೆ ಮೊದಲು ಹೇಳಿ. ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಮಳೆಗಾಲದಲ್ಲಿ ಉಂಬಳ (ಜಿಗಣೆ) ಹತ್ತುತ್ತದೆ, ಉಪ್ಪು ಮುಟ್ಟಿಸಿದರೆ ಬೀಳುತ್ತದೆ, ಅಷ್ಟೆ. ಎಚ್ಚರ ಬೇಕಾದದ್ದು ಪಾಚಿಗೆ. ಬಿಸಿಲು ಬೀಳದ ರಸ್ತೆಯ ಅಂಚು, ಸಂಕದ (ಕಿರುಸೇತುವೆಯ) ಮೇಲಿನ ಸಿಮೆಂಟು ವಿಪರೀತ ಜಾರುತ್ತವೆ. ಮಾವಿನಗುಂಡಿಯಿಂದ ಗೇರುಸೊಪ್ಪೆಗೆ ಘಾಟಿ ಇಳಿಯುವಾಗ ತಿರುವಿಗೆ ಮೊದಲೇ ಎರಡೂ ಬ್ರೇಕು ಹಿಡಿದು ವೇಗ ಇಳಿಸಿಕೊಂಡು, ತಿರುವಿನೊಳಗೆ ಕೈ ಸಡಿಲಿಸುತ್ತೇನೆ. ಒದ್ದೆಯಲ್ಲಿ ತಿರುಗುತ್ತಲೇ ಬ್ರೇಕು ಅದುಮಿದರೆ ಚಕ್ರ ಜಾರಿಬಿಡುತ್ತದೆ. ಎದುರು ಬರುವ ಬಸ್ಸಿಗೆ ಇಡೀ ತಿರುವೇ ಬೇಕಾಗುವುದರಿಂದ ಎಡ ಬಿಟ್ಟು ಅಡ್ಡ ಕತ್ತರಿಸುವ ಮಾತೇ ಇಲ್ಲ. ಹಗಲಲ್ಲೂ ಹಿಂದೆ ಮುಂದೆ ಲೈಟು ಉರಿಯುತ್ತಿರಲಿ. ಬಿಸಿಲಿನಿಂದ ಮರದ ನೆರಳಿಗೆ ನುಗ್ಗಿದ ಚಾಲಕನ ಕಣ್ಣಿಗೆ ಸೈಕಲ್ಲು ತಕ್ಷಣ ಕಾಣುವುದಿಲ್ಲ.

ಸುತ್ತಲಿನ ಬಹಳಷ್ಟು ಕಾಡು ಸಿಂಗಳೀಕ ಅಭಯಾರಣ್ಯಕ್ಕೆ ಸೇರಿದ್ದು. ಅದರೊಳಗಿನ ದಾರಿಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು, ಕಳ್ಳದಾರಿ ಹುಡುಕಬೇಡಿ. ಎಷ್ಟೋ ಕಡೆ ಮೊಬೈಲಿಗೆ ಸಿಗ್ನಲ್ ಇರುವುದಿಲ್ಲ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ಸು ಎಂದು ಮನೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟೇ ನಾನು ಹೊರಡುವುದು.