ಶಾಲೆಯ ಫಲಕಕ್ಕೆ ‘ದಿನ ವಿಶೇಷ’ ಬರೆಯುವುದು ಹೇಗೆ?

ಬೆಳಗಿನ ಪ್ರಾರ್ಥನೆ ಮುಗಿದ ಕೂಡಲೇ ವಿದ್ಯಾರ್ಥಿಯೊಬ್ಬ ಮುಂದೆ ಬಂದು ‘ಇಂದಿನ ದಿನ ವಿಶೇಷ’ ಓದುವ ಪದ್ಧತಿ ಬೆಂಗಳೂರಿನ ಬಹಳಷ್ಟು ಶಾಲೆಗಳಲ್ಲಿದೆ. ಬೇಗ ಮುಗಿದರೆ ಸಾಕು ಎಂದು ಓದುವವನಿಗೂ ಅನಿಸಿರುತ್ತದೆ, ಬಿಸಿಲಲ್ಲಿ ನಿಂತು ಕೇಳುವವರಿಗೂ ಅನಿಸಿರುತ್ತದೆ. ರಾತ್ರಿ ಮೊಬೈಲಿನಲ್ಲಿ ಸಿಕ್ಕ ಉದ್ದನೆಯ ಪಟ್ಟಿಯನ್ನು ಬೆಳಿಗ್ಗೆ ಹಾಗೆಯೇ ಒಪ್ಪಿಸಿದರೆ ಇನ್ನೇನಾಗುತ್ತದೆ? ಈ ಕೆಲಸದಲ್ಲಿ ಹುಡುಕಾಟ ಕಾಲುಪಾಲು, ಉಳಿದ ಮುಕ್ಕಾಲು ಕೈಬಿಡುವುದು. ಮಾರ್ಚ್ 17ನ್ನೇ ಹಿಡಿದು ಮಾಡಿ ನೋಡೋಣ.

ಮೊದಲು ಸಿಕ್ಕಿದ್ದನ್ನೆಲ್ಲ ಬರೆದುಕೊಳ್ಳಿ

ಒಂದು ಹಾಳೆಯಲ್ಲಿ ಗೆರೆ ಎಳೆದು ಮೂರು ಅಂಕಣ ಮಾಡಿ: ಹುಟ್ಟಿದವರು ಮತ್ತು ತೀರಿಕೊಂಡವರು, ನಡೆದದ್ದು, ಆಚರಣೆ. ಸದ್ಯಕ್ಕೆ ಜಿಪುಣತನ ಬೇಡ. ಮೊದಲ ಅಂಕಣದಲ್ಲಿ ಡಿ.ವಿ. ಗುಂಡಪ್ಪ (1887), ಕಲ್ಪನಾ ಚಾವ್ಲಾ (1962), ಪುನೀತ್ ರಾಜ್‌ಕುಮಾರ್ (1975), ಸೈನಾ ನೆಹ್ವಾಲ್ (1990) ಬಂದು ಕೂರುತ್ತಾರೆ. ಎರಡನೆಯದರಲ್ಲಿ 1958ರಲ್ಲಿ ಅಮೆರಿಕ ವ್ಯಾನ್‌ಗಾರ್ಡ್-1 ಉಪಗ್ರಹ ಹಾರಿಸಿದ್ದು, 1959ರಲ್ಲಿ ದಲೈ ಲಾಮಾ ಲಾಸಾ ತೊರೆದದ್ದು, 1969ರಲ್ಲಿ ಗೋಲ್ಡಾ ಮೇಯಿರ್ ಇಸ್ರೇಲಿನ ಪ್ರಧಾನಿಯಾದದ್ದು. ಮೂರನೆಯದರಲ್ಲಿ ಐರ್ಲೆಂಡಿನ ಸೇಂಟ್ ಪ್ಯಾಟ್ರಿಕ್ ದಿನವಿದೆ, ಪುನೀತ್ ನೆನಪಿನಲ್ಲಿ ನಮ್ಮ ರಾಜ್ಯದ ಸ್ಫೂರ್ತಿ ದಿನವಿದೆ.

ಆಮೇಲೆ ತಾರೀಖಿನ ಜೊತೆ ಜಗಳ

ಹೆಚ್ಚು ಹೊತ್ತು ಹಿಡಿಯುವುದು ಇದೇ ಹಂತ, ಹಿಡಿಯಲೂ ಬೇಕು. ಹತ್ತು ಜಾಲತಾಣಗಳಲ್ಲಿ ಒಂದೇ ತಾರೀಖು ಕಂಡರೆ ಹತ್ತು ಸಾಕ್ಷಿ ಸಿಕ್ಕವೆಂದು ಹಿಗ್ಗಬೇಡಿ. ಒಬ್ಬರು ಬರೆದದ್ದನ್ನು ಒಂಬತ್ತು ಮಂದಿ ನಕಲು ಮಾಡಿರಬಹುದು.

ನಮ್ಮ ಪಟ್ಟಿಯಲ್ಲಿ ಮೊದಲು ತಕರಾರು ಬರುವುದು ಕಲ್ಪನಾ ಚಾವ್ಲಾ ಹೆಸರಿಗೆ. ದಾಖಲೆಗಳಲ್ಲಿ ಅವರ ಜನ್ಮದಿನ 1961ರ ಜುಲೈ 1. ಮೆಟ್ರಿಕ್ ಪರೀಕ್ಷೆಗೆ ವಯಸ್ಸು ಸಾಲದೆಂದು ಹಾಗೆ ಬರೆಸಲಾಗಿತ್ತು. ಹುಟ್ಟಿದ್ದು 1962ರ ಮಾರ್ಚ್ 17ರಂದು. ಇದನ್ನು ಕೇಳಿ ಮಕ್ಕಳಿಗೆ ಅಚ್ಚರಿಯಾಗಬಹುದು, ಅಜ್ಜಂದಿರಿಗೆ ಆಗುವುದಿಲ್ಲ. ಶಾಲೆಗೆ ಸೇರಿಸಿಕೊಂಡ ಮೇಷ್ಟ್ರು ಬರೆದ ಜೂನ್ 1ನ್ನೇ ಜನ್ಮದಿನವೆಂದು ಹೊತ್ತು ತಿರುಗುವವರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ. ಇಂಥ ಕಡೆ ಎರಡೂ ತಾರೀಖು ಬರೆದು, ಏಕೆ ಎರಡು ಎಂದು ಒಂದು ಸಾಲು ಸೇರಿಸಿ. ಬರೀ ಜನ್ಮದಿನಕ್ಕಿಂತ ಆ ಸಾಲನ್ನೇ ಮಕ್ಕಳು ಕಿವಿಗೊಟ್ಟು ಕೇಳುತ್ತಾರೆ.

ವಿಶ್ವೇಶ್ವರಯ್ಯನವರ ಸಂಗತಿ ಇನ್ನೂ ತೊಡಕಿನದು. ಸೆಪ್ಟೆಂಬರ್ 15 ಎಂಬುದರಲ್ಲಿ ತಕರಾರಿಲ್ಲ, ದೇಶವಿಡೀ ಅಂದು ಎಂಜಿನಿಯರುಗಳ ದಿನ. ವರ್ಷ ಮಾತ್ರ ಕೆಲವೆಡೆ 1860, ಹಲವೆಡೆ 1861. ಜನ್ಮಶತಮಾನೋತ್ಸವದ ಅಂಚೆಚೀಟಿ ಬಂದದ್ದು 1960ರಲ್ಲಿ, ಆಗ ಅವರೇ ಬದುಕಿದ್ದರು. ಅಂದು ಅವರಿಗೆ ನೂರು ತುಂಬಿತೋ, ನೂರಕ್ಕೆ ಕಾಲಿಟ್ಟರೋ? ಎರಡಕ್ಕೂ ವಾದ ಹೂಡಬಹುದು. ಫಲಕ ಬರೆಯುವವರು ವಾದಕ್ಕೆ ಇಳಿಯದೆ ತಾರೀಖನ್ನು ಉಳಿಸಿಕೊಂಡು ವರ್ಷವನ್ನು ಬಿಡುವುದು ಕ್ಷೇಮ. ಮುದ್ದೇನಹಳ್ಳಿಯಲ್ಲಿ ಹುಟ್ಟಿದರು, 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು, 1955ರಲ್ಲಿ ಭಾರತರತ್ನ ಪಡೆದರು ಎಂದರೆ ಏನೂ ಕಡಿಮೆಯಾಗುವುದಿಲ್ಲ.

ದೇಶ ಬದಲಾದರೆ ತಾರೀಖೂ ಬದಲಾಗುತ್ತದೆ. ಮನುಷ್ಯ ಚಂದ್ರನ ಮೇಲಿಳಿದದ್ದು 1969ರ ಜುಲೈ 20 ಎಂದು ಎಲ್ಲ ಪಟ್ಟಿಗಳೂ ಹೇಳುತ್ತವೆ. ಅದು ಅಮೆರಿಕದ ಲೆಕ್ಕ. ನೌಕೆ ಇಳಿದಾಗ ಬೆಂಗಳೂರಿನಲ್ಲಿ ಜುಲೈ 21ರ ನಸುಕಿನ ಸುಮಾರು ಒಂದೂ ಮುಕ್ಕಾಲು ಗಂಟೆ.

ಇನ್ನು ನಮ್ಮ ಹಬ್ಬ, ಜಯಂತಿಗಳು. ಇಂಗ್ಲಿಷ್ ತಾರೀಖಿಗೆ ಮೊಳೆ ಹೊಡೆದು ಕೂರಿಸಲು ಹೋದರೆ ಅವು ಕೂರುವುದಿಲ್ಲ. ಬಸವ ಜಯಂತಿ ಅಕ್ಷಯ ತೃತೀಯದಂದು, ಕರಗ ಚೈತ್ರದ ಹುಣ್ಣಿಮೆಗೆ, ಬಸವನಗುಡಿಯ ಕಡಲೆಕಾಯಿ ಪರಿಷೆ ಕಾರ್ತಿಕದ ಕೊನೆಯ ಸೋಮವಾರ. ಹೋದ ವರ್ಷದ ಫಲಕದ ತಾರೀಖನ್ನು ಈ ವರ್ಷ ಎತ್ತಿ ಬರೆದರೆ ಪರಿಷೆ ಮುಗಿದ ಮೇಲೆ ಕಡಲೆಕಾಯಿಗೆ ಹೋದಂತಾಗುತ್ತದೆ. ಆಯಾ ವರ್ಷದ ಪಂಚಾಂಗವನ್ನೋ ಗೋಡೆಯ ಕ್ಯಾಲೆಂಡರನ್ನೋ ನೋಡಿಯೇ ಬರೆಯಿರಿ. ಸರ್ಕಾರ ಜೂನ್ 27ರಂದು ನಡೆಸುವ ಕೆಂಪೇಗೌಡ ಜಯಂತಿಯಂಥವಕ್ಕೆ ಈ ತಾಪತ್ರಯವಿಲ್ಲ.

ಅಂತರರಾಷ್ಟ್ರೀಯ ದಿನಗಳಿಗೆ ವಿಶ್ವಸಂಸ್ಥೆಯ ಪಟ್ಟಿ ಸಾಕು. ಮಾರ್ಚ್ 22ರ ಜಲ ದಿನ ಅದರಲ್ಲಿದೆ. ಟ್ಯಾಂಕರಿಗೆ ಕಾಯುವ ಊರಿನಲ್ಲಿ ಅದಕ್ಕೆ ವಿವರಣೆ ಬೇಡ. ವಾರಸುದಾರರೇ ಇಲ್ಲದ ತಿಂಡಿ ದಿನ, ಅಪ್ಪುಗೆಯ ದಿನಗಳನ್ನು ಮುಲಾಜಿಲ್ಲದೆ ಹೊಡೆದುಹಾಕಿ.

ಯಾರು ಉಳಿಯಬೇಕು?

ಫಲಕಕ್ಕೆ ಮೂರು ಸಂಗತಿ ಸಾಕು, ನಾಲ್ಕು ಹೆಚ್ಚು. ಈ ಊರಿನ ಮಗು ಆ ಸಂಗತಿಯನ್ನು ಕಾಲ್ನಡಿಗೆಯಲ್ಲೋ ಬಸ್ಸಿನಲ್ಲೋ ಹೋಗಿ ಮುಟ್ಟಬಹುದೇ ಎಂದು ಕೇಳಿಕೊಳ್ಳಿ. ಗೋಲ್ಡಾ ಮೇಯಿರ್, ಸೇಂಟ್ ಪ್ಯಾಟ್ರಿಕ್ ಇಲ್ಲೇ ಇಳಿದುಹೋಗುತ್ತಾರೆ. ದಲೈ ಲಾಮಾ ಉಳಿಯುತ್ತಾರೆ. ಅಂದು ರಾತ್ರಿ ಸೈನಿಕನ ವೇಷದಲ್ಲಿ ಹೊರಟ ಅವರು ಮಾರ್ಚ್ 31ರಂದು ಭಾರತ ಮುಟ್ಟಿದರು. ಅದೇ ವಲಸೆಯ ಫಲವಾಗಿ ನಮ್ಮ ರಾಜ್ಯದ ಬೈಲುಕುಪ್ಪೆಯಲ್ಲಿ ಟಿಬೆಟನ್ನರ ವಸತಿ ಶುರುವಾಯಿತು. ಶಾಲಾ ಪ್ರವಾಸದಲ್ಲಿ ಅಲ್ಲಿನ ಸ್ವರ್ಣ ದೇವಾಲಯ ನೋಡಿದ ಮಕ್ಕಳಿಗೆ ಮಾರ್ಚ್ 17 ಥಟ್ಟನೆ ಹತ್ತಿರವಾಗುತ್ತದೆ.

ವ್ಯಾನ್‌ಗಾರ್ಡ್-1 ಕೂಡ ಇರಲಿ. ತೂಕ ಒಂದೂವರೆ ಕಿಲೋ ಆಸುಪಾಸು. 1964ರಲ್ಲಿ ಅದರ ಸಂಕೇತ ನಿಂತುಹೋಯಿತು, ಗೋಳ ಮಾತ್ರ ಇಂದಿಗೂ ಭೂಮಿಯನ್ನು ಸುತ್ತುತ್ತಲೇ ಇದೆ. ಕಕ್ಷೆಯಲ್ಲಿ ಉಳಿದಿರುವ ಮಾನವನಿರ್ಮಿತ ವಸ್ತುಗಳಲ್ಲಿ ಅದೇ ಹಳೆಯದು. ಇಸ್ರೋದ ಹವಾಮಾನ ಉಪಗ್ರಹಕ್ಕೆ 2003ರಲ್ಲಿ ‘ಕಲ್ಪನಾ-1’ ಎಂದು ಹೆಸರಿಟ್ಟದ್ದನ್ನು ಇದರ ಪಕ್ಕದಲ್ಲೇ ಬರೆದರೆ ಎರಡು ಸಂಗತಿ ಒಂದೇ ಜಾಗದಲ್ಲಿ ಹಿಡಿಯುತ್ತವೆ.

ಮೂರನೆಯ ಜಾಗಕ್ಕೆ ಡಿವಿಜಿಯೋ, ಅಪ್ಪುವೋ? ಮಕ್ಕಳ ಮತ ಅಪ್ಪುವಿಗೆ, ಕನ್ನಡ ಮೇಷ್ಟ್ರ ಮತ ಡಿವಿಜಿಗೆ. ಇಬ್ಬರನ್ನೂ ಜೊತೆಗೇ ತನ್ನಿ. ಡಿವಿಜಿ ತೀರಿಕೊಂಡದ್ದು 1975ರ ಅಕ್ಟೋಬರ್ 7ರಂದು. ಪುನೀತ್ ಹುಟ್ಟಿದ್ದು ಅದೇ ವರ್ಷದ ಮಾರ್ಚ್‌ನಲ್ಲಿ.

ಬರೆಯುವಾಗ

‘ಮಹಾನ್ ಚೇತನ’, ‘ಅಪ್ರತಿಮ ಸಾಧಕ’ ಎಂಬ ಮಾತುಗಳು ಯಾರಿಗಾದರೂ ಹೊಂದುತ್ತವೆ, ಆದ್ದರಿಂದ ಯಾರ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. ಆ ವ್ಯಕ್ತಿ ಮಾಡಿದ ಒಂದು ಕೆಲಸ ಬರೆಯಿರಿ. ಹೀಗೆ:

‘ಡಿ.ವಿ. ಗುಂಡಪ್ಪ ಹುಟ್ಟಿದ್ದು 1887ರಲ್ಲಿ, ಮುಳಬಾಗಿಲಿನಲ್ಲಿ. 1970ರ ಸನ್ಮಾನದಲ್ಲಿ ತಮಗೆ ಬಂದ ಹಣವನ್ನೆಲ್ಲ ತಾವೇ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟುಬಿಟ್ಟರು. ಪುನೀತ್ ರಾಜ್‌ಕುಮಾರ್ ಹುಟ್ಟಿದ್ದು 1975ರಲ್ಲಿ. 2021ರಲ್ಲಿ ಅವರು ತೀರಿಕೊಂಡಾಗ ದಾನವಾಗಿ ಬಂದ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು.’

ಓದಲು ಅರ್ಧ ನಿಮಿಷವೂ ಬೇಡ. ಜನ್ಮದಿನಕ್ಕೆ ಬರೆಯುವ ‘ಶುಭಾಶಯಗಳು’ ತೀರಿಕೊಂಡ ದಿನದ ಸಾಲಿಗೆ ಅಂಟಿಕೊಳ್ಳದಂತೆ ನೋಡಿಕೊಳ್ಳಿ. ಜೂನ್ 6ರಂದು ಇನ್ನೂ ಎಚ್ಚರ ಬೇಕು: ಮಾಸ್ತಿ ವೆಂಕಟೇಶ ಅಯ್ಯಂಗಾರ್ ಹುಟ್ಟಿದ್ದೂ (1891) ತೀರಿಕೊಂಡದ್ದೂ (1986) ಅದೇ ತಾರೀಖಿನಂದು.

ಅಕ್ಷರ ದಪ್ಪಗಿರಲಿ, ಹಿಂದಿನ ಸಾಲಿನ ಗಿಡ್ಡ ಹುಡುಗಿಗೂ ಕಾಣುವಷ್ಟು.

ಬರೆದ ಹಾಳೆಯನ್ನು ಸಂಜೆ ಕಸದ ಬುಟ್ಟಿಗೆ ಹಾಕಬೇಡಿ. ದಿನಕ್ಕೊಂದು ಪುಟದಂತೆ ದಪ್ಪ ನೋಟ್‌ಬುಕ್ಕೊಂದನ್ನು ಇಟ್ಟು ಅದರಲ್ಲಿ ಅಂಟಿಸಿ. ಮಾಹಿತಿ ಎಲ್ಲಿ ಸಿಕ್ಕಿತೆಂದು ಅಂಚಿನಲ್ಲಿ ಪೆನ್ಸಿಲಿನಲ್ಲಿ ಗುರುತು ಮಾಡಿ; ಮುಂದಿನ ವರ್ಷ ಬರೆಯುವವರಿಗೆ ಅರ್ಧ ಕೆಲಸ ಉಳಿಯುತ್ತದೆ. ತಿಥಿಯ ಹಬ್ಬಗಳಿಗೆ ಕೊನೆಯಲ್ಲಿ ಬೇರೆ ಪುಟಗಳನ್ನು ಬಿಡಿ. ಫೆಬ್ರವರಿ 29ಕ್ಕೂ ಒಂದು ಪುಟ ಬೇಕು, ಮೊರಾರ್ಜಿ ದೇಸಾಯಿ (1896) ಅಲ್ಲಿದ್ದಾರೆ.